ನೆಲದ ದೃಷ್ಟಿ

ವಕೀಲ ಸಿದ್ರಾಮಪ್ಪನವರ ಹೆಂಡತಿ ಮೆಕ್ಯಾನಿಕ್ ಖಾಜಾಗೆ ಫೋನ್ ಮಾಡಿದರು. "ಆಕ್ಸಲ್ ಸ್ಲೈಡರ್ ಹಾಕದೆ ಹೊಸ ಬೈಕು ಮನೆಗೆ ಬರಕೂಡದು."

ಗ್ಯಾರೇಜಿನಲ್ಲಿ ಖಾಜಾನ ಎದುರಿಗೇ ಇದ್ದ ವಕೀಲರು ಗುಡುಗಿದರು. "ಬಿದ್ದಾಗ ಗೀರು ತಡೆಯೋ ಬಿಲ್ಲೆ ನನಗ್ಯಾಕೆ? ನಾನು ಬೀಳೋನಲ್ಲ. ಹಾಕಿದರೆ ನಿನ್ನ ಮೇಲೆ ಕೇಸು."

ಬೈಕಿನ ಹ್ಯಾಂಡಲ್‌ನಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ ತೂಗುತ್ತಿದ್ದವು.

"ಇದ್ಯಾಕೆ ಸಾಹೇಬ್ರೆ?" ಅಂದ ಖಾಜಾ.

"ಜನರ ದೃಷ್ಟಿ ತಾಗದಿರಲಿ ಅಂತ."

"ನೆಲದ ದೃಷ್ಟಿ ಮರೆತೇಬಿಟ್ರಲ್ಲ. ಇಂಥ ಗಾಡೀನ ಅದು ದಿನವಿಡೀ ಕೆಳಗಿಂದ ನೋಡ್ತಾ ಇರುತ್ತೆ."

ವಕೀಲರು ನೆಲವನ್ನೇ ಗುರಾಯಿಸಿದರು. "ಎರಡೂ ಚಕ್ರಕ್ಕೆ ಹಾಕು. ಇರೋದರಲ್ಲಿ ದಪ್ಪದ್ದು."

ಖಾಜಾ ಟೊಳ್ಳು ಆಕ್ಸಲ್‌ಗಳಲ್ಲಿ ಸರಳು ತೂರಿಸಿ, ತುದಿಗಳಿಗೆ ನೈಲಾನ್ ಬಿಲ್ಲೆ ಬಿಗಿದ.

ವಾರದಲ್ಲೇ ವಕೀಲರು ಕುಂಟುತ್ತಾ ಬಂದರು. ಬಿಲ್ಲೆ ತುಂಬ ಗೀರು, ಬೈಕಿಗೆ ಒಂದೂ ಇಲ್ಲ.

"ಬಿದ್ರಾ ಸಾಹೇಬ್ರೆ?"

"ಛೇ, ನೆಲದ ದೃಷ್ಟಿ ತಾಗಿತು. ಮೊಣಕಾಲಿಗೆ ಹಾಕೋಕೆ ಒಂದು ಜೊತೆ ಕೊಡು."