ಎರಡನೇ ಮುದ್ದೆ

ಕಲ್ಲುಗುಡ್ಡದ ಪಾಳೆಯಪಟ್ಟಿನಲ್ಲಿ ಡಂಗುರ ಹೊಡೆದ ದಿನ ಏಳು ಊರಿನ ಹಾಲು ಗಡಿಗೆಯಲ್ಲೇ ಮೊಸರಾಯಿತು. ಆ ಸದ್ದು ಕಿವಿಯಾರೆ ಕೇಳಿದವರೆಲ್ಲ ಮಣ್ಣಾದರು. ಉಳಿದವನು ಈ ಮುದುಕನೊಬ್ಬನೇ. ಸುಳ್ಳು ಅನ್ನುವವರಿದ್ದರೆ ಎದ್ದು ಬರಲಿ.

"ಕೇಳ್ರಪ್ಪೋ ಕೇಳಿ! ಒಡತಿ ಬೊಮ್ಮವ್ವನ ಮೂರು ಒಗಟು ಒಡೆದವನಿಗೆ ದಳವಾಯಿ ಪಟ್ಟ! ಮೊದಲ ದಾಳಿ ಕರಿಕೋಟೆಗೆ! ತಪ್ಪಿದವನ ತಲೆ ಕೋಟೆಬಾಗಿಲಿಗೆ!"

ಕರಿಕೋಟೆ ಅಂದದ್ದೇ ತಡ, ಅಡುಗೆಮನೆಯಲ್ಲಿ ಓಬಳನ ಕೈ ನಿಂತಿತು. ಮುನ್ನೂರು ಬಂಟರಿಗೆ ಮುದ್ದೆ ತೊಳಸುವವನು ಅವನು. ಮೂರು ವರ್ಷದ ಹಿಂದೆ ಕರಿಕೋಟೆಯವರು ದನಗಳ ಜೊತೆ ಅವನ ಹೆಂಡತಿ ಸೂರವ್ವನನ್ನೂ ಹೊತ್ತೊಯ್ದಿದ್ದರು. ಅಂದಿನಿಂದ ಉಣ್ಣಲು ಕೂತರೆ ಎರಡು ಮುದ್ದೆ ಕಟ್ಟುತ್ತಿದ್ದ. ಒಂದನ್ನು ಉಂಡು, ಇನ್ನೊಂದನ್ನು ಎದುರಿಗಿಟ್ಟು ಆರುವ ತನಕ ನೋಡುತ್ತಿದ್ದ. ಅದನ್ನು ನಾಯಿ ಮುಟ್ಟುತ್ತಿರಲಿಲ್ಲ, ಕಾಗೆ ಮುಟ್ಟುತ್ತಿರಲಿಲ್ಲ.

ಮೊದಲು ಸಭೆಗೆ ಬಂದವನು ಮೀಸೆ ಭರಮಣ್ಣ. ಆ ಮೀಸೆಯಲ್ಲಿ ಎರಡು ಗುಬ್ಬಿ ಗೂಡು ಕಟ್ಟಿದ್ದವು.

ಬೊಮ್ಮವ್ವ ಕೇಳಿದಳು: "ಹಗೆಯ ಬಾಗಿಲೆದುರು ಪೊದೆಯಲ್ಲಿ ಹದಿನೈದು ದಿನ ಅಡಗಿರಬೇಕು. ಕಣ್ಣು ಚುರುಕಿನವನು ಹೋದ, ಸಿಕ್ಕಿಬಿದ್ದ. ಕಾಲು ಚುರುಕಿನವನು ಹೋದ, ಸಿಕ್ಕಿಬಿದ್ದ. ಇನ್ನು ಯಾರನ್ನು ಕಳಿಸಲಿ?"

"ತೋಳು ಗಟ್ಟಿಯವನನ್ನು, ತಾಯಿ! ನನ್ನನ್ನೇ!"

ಸಂಜೆಗೆ ಗುಬ್ಬಿಗಳು ಬೇರೆ ಮನೆ ಹುಡುಕಿಕೊಂಡವು.

ಮಾರನೆಯ ದಿನ ಸಿದ್ಧಜೋಯಿಸ ಬಂದು, "ಒಳ್ಳೆ ನಕ್ಷತ್ರದವನನ್ನು" ಅಂದ. ಅವನ ನಕ್ಷತ್ರವೂ ಅಂದೇ ಮುಳುಗಿತು.

ಆಮೇಲೆ ಹಿಟ್ಟು ಮೆತ್ತಿದ ಕೈಯಲ್ಲೇ ಓಬಳ ಬಂದು ನಿಂತ. ಸಭೆ ನಕ್ಕಿತು. "ಲೋ, ಹೋಗಿ ಒಲೆ ಊದೋ! ತಲೆ ಇದ್ದರೆ ಮುದ್ದೆಯಾದರೂ ಸಿಕ್ಕೀತು."

ಓಬಳ ಹೇಳಿದ: "ಬಿಸಿ ಅಂಬಲಿ ಬಡಿಸಿದರೆ ಊದದೆ, ತಾನಾಗಿ ಆರುವ ತನಕ ಕಾಯುವವನನ್ನು ಕಳಿಸಿ ತಾಯಿ. ಮುನ್ನೂರರಲ್ಲಿ ಅಂಥವನು ಮುದಿ ಚಿನ್ನಯ್ಯ ಒಬ್ಬನೇ."

ನಗು ನಿಂತಿತು. ಬೊಮ್ಮವ್ವ ಎರಡನೆಯ ಒಗಟು ಕೇಳಿದಳು:

"ಮುತ್ತಿಗೆ ಬಿದ್ದ ಠಾಣೆಗೆ ಹಿಟ್ಟು ಹೊರಬೇಕು. ನಾಲ್ಕು ದಿನದ ದಾರಿ, ಹೊರುವವನಿಗೂ ಹಸಿವು. ಆಣೆ ಇಟ್ಟವರೆಲ್ಲ ಖಾಲಿ ಚೀಲ ಮುಟ್ಟಿಸಿದರು. ಯಾರು?"

"ಪಂಕ್ತಿಯಲ್ಲಿ ಕೂತಾಗ, ಪಕ್ಕದವನಿಗೆ ಬಿತ್ತೇ ಎಂದು ಮೊದಲು ನೋಡುವವನು. ಲಾಯ ಗುಡಿಸುವ ಪಾಲಯ್ಯ."

ಬೊಮ್ಮವ್ವ ಮುಂದೆ ಬಾಗಿದಳು. "ಕರಿಕೋಟೆಗೆ ಒಬ್ಬನೇ ನುಗ್ಗಿ ಒಳಗಿನಿಂದ ಅಗುಳಿ ತೆಗೆಯಬೇಕು. ಜೀವದ ಆಸೆ ಇದ್ದವನು ಅರ್ಧ ದಾರಿಯಲ್ಲೇ ತಿರುಗಿದ. ಆಸೆ ಇಲ್ಲದವನು ಬಾಗಿಲಲ್ಲೇ ಸತ್ತ. ತಿರುಗಲೂ ಬಾರದು, ಸಾಯಲೂ ಬಾರದು. ಯಾರವನು?"

ಓಬಳ ಕೈಯ ಹಿಟ್ಟು ಒರೆಸಿಕೊಂಡ. ಆರಿದ ಮುದ್ದೆ ಕಣ್ಣೆದುರು ಬಂತು.

"ದಿನಾ ಎರಡು ಮುದ್ದೆ ಕಟ್ಟಿ ಒಂದನ್ನೇ ಉಣ್ಣುವವನು, ತಾಯಿ. ಅವನ ಜೀವ ಆ ಕೋಟೆಯೊಳಗೇ ಇದೆ, ತಿರುಗಿ ಎಲ್ಲಿಗೆ ಹೋದಾನು? ಸತ್ತರೆ ಅವಳನ್ನು ಕರೆತರುವವರಿಲ್ಲ, ಹೇಗೆ ಸತ್ತಾನು?"

"ನನ್ನ ಪಡೆಯಲ್ಲಿ ಅಂಥವನಿದ್ದಾನೆಯೇ?"

"ಪಡೆಯಲ್ಲಿಲ್ಲ. ಒಲೆಯ ಮುಂದಿದ್ದಾನೆ."

ಬೊಮ್ಮವ್ವ ತನ್ನ ಕತ್ತಿಯನ್ನೇ ಬಿಚ್ಚಿ ಕೊಟ್ಟಳು.

ಚಿನ್ನಯ್ಯ ಪೊದೆಯಲ್ಲಿ ಕೂತು ಕಾವಲಿನ ಗಳಿಗೆ ಅರಿತ. ಪಾಲಯ್ಯ ಠಾಣೆಗೆ ಹಿಟ್ಟು ಮುಟ್ಟಿಸಿದ. ಓಬಳ ಅಗುಳಿ ಎಳೆದ. ಒಳಗೆ ರಾಗಿ ಬೀಸುತ್ತಿದ್ದ ಸೂರವ್ವ ತಲೆಯೆತ್ತಿ ನೋಡಿ, "ಇಷ್ಟು ತಡವೇ?" ಅಂದಳು.

"ಬಾ, ಮುದ್ದೆ ಆರಿಹೋಗಿದೆ" ಅಂದ ದಳವಾಯಿ ಓಬಳ.

ಜಗಲಿಯ ತುದಿಯಲ್ಲಿ ಕಥೆ ಕೇಳುತ್ತ ಅವರೆಕಾಯಿ ಬಿಡಿಸುತ್ತಿದ್ದ ಮುದುಕನ ಸೊಸೆ ಗಂಗಾಜಿ ಕೈ ನಿಲ್ಲಿಸಿದಳು. "ಅಲ್ಲ ಮಾವ, ಮೂರು ವರ್ಷಕ್ಕೆ ಸಾವಿರ ಮುದ್ದೆ ದಾಟ್ತವೆ. ಓಬಳ ಉಣ್ಲಿಲ್ಲ, ನಾಯಿ ಮುಟ್ಲಿಲ್ಲ, ಕಾಗೆ ಮುಟ್ಲಿಲ್ಲ. ಅಷ್ಟೂ ಎಲ್ಲಿಗೆ ಹೋದ್ವು?"

ಮುದುಕ ಭುಜ ಕುಣಿಸಿದ.

"ನಾನು ಆಗ ಅಲ್ಲೇ ಇದ್ದೆ ಅಂದೆನಲ್ಲವ್ವ. ಹಸಿವಾಗ್ತಿತ್ತು."