ಉಂಡ ಮೇಲಿನ ಗಾಳಿ

ಈರಬಸಯ್ಯನ ಜೋಳಿಗೆಯಲ್ಲಿ ವಿಭೂತಿ ಗಟ್ಟಿಯ ಜೊತೆಗೆ ಐದು ರಿಮೋಟುಗಳಿರುತ್ತಿದ್ದವು.

ಫ್ಯಾನಿಗೊಂದು, ದೀಪಕ್ಕೊಂದು, ಹಾಡಿನ ಪೆಟ್ಟಿಗೆಗೊಂದು, ಟೀವಿಗೊಂದು, ಟೀವಿಯ ಕೆಳಗಿನ ಸೆಟ್‌ಟಾಪ್ ಬಾಕ್ಸಿಗೊಂದು. ಎಲ್ಲವೂ ಭಕ್ತರು ತಂದುಕೊಟ್ಟವು. ಒಬ್ಬೊಬ್ಬ ಭಕ್ತನದು ಒಂದೊಂದು ಕಂಪನಿ. ಒಂದರ ಮಾತನ್ನು ಇನ್ನೊಂದು ಕೇಳುತ್ತಿರಲಿಲ್ಲ.

ಘಟಪ್ರಭೆಯ ದಂಡೆಯ ಆ ಆಶ್ರಮದಲ್ಲಿ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಎಂಬತ್ತು ದಾಟಿದ ಜೀವ. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗಡೆ ಸ್ವಾಧೀನ ತಪ್ಪಿತ್ತು. ಎಡಗೈಯ ಬೆರಳುಗಳೂ ಮುಪ್ಪಿಗೆ ಸೆಟೆದು, ಹೆಬ್ಬೆರಳೊಂದು ಹೇಳಿದ ಮಾತು ಕೇಳುತ್ತಿತ್ತು. ಆದರೆ ರಿಮೋಟಿನ ಜೋಳದ ಕಾಳಿನಂಥ ಗುಂಡಿಗಳು ಆ ಹೆಬ್ಬೆರಳಿಗೆ ಸಿಗುತ್ತಿರಲಿಲ್ಲ.

ಸಿಗುವ ಅಗತ್ಯವೂ ಇರಲಿಲ್ಲ. ಈರಬಸಯ್ಯ ಇದ್ದ.

ಹನ್ನೆರಡು ವರ್ಷದಿಂದ ಇದ್ದ. ಮೊದಲು ಬೀಸಣಿಗೆ ಹಿಡಿದು ಇದ್ದ, ಆಮೇಲೆ ಗೋಡೆಯ ಸ್ವಿಚ್ಚಿನ ಪಕ್ಕ ನಿಂತು ಇದ್ದ, ಈಗ ರಿಮೋಟು ಹೊತ್ತು ಇದ್ದ. ಅಜ್ಜಾರ ಕಾಲಿನ ಬೆರಳು ಬಿಚ್ಚಿಕೊಂಡರೆ ಸೆಕೆ, ಮುದುಡಿದರೆ ಚಳಿ ಎಂಬುದು ಅವನಿಗೆ ಗೊತ್ತಿತ್ತು. ಸಂಜೆ ಅಜ್ಜಾರು ಪಾಠ ಹೇಳುವಾಗಲೂ ಅವನ ಕಣ್ಣು ಆ ಬೆರಳುಗಳ ಮೇಲೆ.

ಅಜ್ಜಾರ ಮನಸ್ಸು ತನ್ನೊಬ್ಬನಿಗೇ ಗೊತ್ತು ಎಂದು ಅವನು ಬಾಯಿಬಿಟ್ಟು ಹೇಳಿದವನಲ್ಲ. ಜೋಳಿಗೆಯನ್ನು ಹೆಗಲಿಗೆ ಏರಿಸಿಕೊಳ್ಳುವ ಠೀವಿಯಲ್ಲೇ ಅದು ಊರಿಗೆಲ್ಲ ತಿಳಿಯುತ್ತಿತ್ತು.

ಹೀಗಿರುವಾಗ ಕುಬೇರಪ್ಪ ಬಂದ.

ಗೋಕಾಕಿನಲ್ಲಿ ಇಪ್ಪತ್ತೈದು ವರ್ಷ ಟೀವಿ, ರೇಡಿಯೊ ರಿಪೇರಿ ಮಾಡಿದವನು. ಐವತ್ತಾಯಿತು, ಸಾಕಾಯಿತು, ಅಂಗಡಿ ತಮ್ಮನಿಗೆ ಬಿಟ್ಟು ಬಂದೆ ಎಂದ. ಬಂದವನು ನೆಟ್ಟಗೆ ಅಜ್ಜಾರ ಮಂಚದ ಕಾಲಬುಡದಲ್ಲಿ ಕೂತ. ಕೇಳಬೇಕೆನಿಸಿದ್ದನ್ನು ಕೇಳಿದ. ಅಜ್ಜಾರು ಉತ್ತರ ಕೊಟ್ಟರು. ಕೆಲವು ಸಲ ಇಬ್ಬರೂ ನಕ್ಕರು.

ಹನ್ನೆರಡು ವರ್ಷದಲ್ಲಿ ಅಜ್ಜಾರು ತನ್ನೊಡನೆ ಹಾಗೆ ನಕ್ಕದ್ದು ಈರಬಸಯ್ಯನಿಗೆ ನೆನಪಿಲ್ಲ. ಅವನ ಹೊಟ್ಟೆ ಉರಿಯಿತು. ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೋಡು ಉದ್ದ ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ ಅನ್ನಿಸಿತು.

ಮೂರು ತಿಂಗಳಾದ ಮೇಲೆ ಒಂದು ದಿನ ಕುಬೇರಪ್ಪ ತನ್ನ ಟ್ರಂಕಿನಿಂದ ಹಳೆಯ ಮೊಬೈಲೊಂದನ್ನು ತೆಗೆದ. ಅದರ ನೆತ್ತಿಯ ಮೇಲೆ ರಿಮೋಟಿನ ಮೂತಿಗಿರುವಂಥದೇ ಒಂದು ಕರಿ ಕಣ್ಣು.

"ಅಜ್ಜಾರ, ಇದರಾಗ ಒಂದು ಸಾಫ್ಟ್‌ವೇರ್ ಹಾಕೀನ್ರಿ. ಐದೂ ರಿಮೋಟು ಇದೊಂದರಾಗ ಕುಂಡ್ರತಾವು. ಗುಂಡಿ ಎಷ್ಟು ದೊಡ್ಡವು ಬೇಕು, ಎಲ್ಲಿ ಬೇಕು, ಹಂಗ ಮಾಡಿಕೋಬಹುದು. ನಿಮ್ಮ ಎಡಗೈ ಹೆಬ್ಬೆರಳಿಗೆ ಸಿಗುವಂಗ ಮಾಡತೀನಿ."

ಅಜ್ಜಾರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು.

"ಗಾಳಿ ನಾನ ಹಾಕ್ಕೋಬಹುದೇನು?"

"ನೀವ ಹಾಕ್ಕೋಬಹುದ್ರಿ."

"ಯಾರನ್ನೂ ಕರೀದ?"

"ಯಾರನ್ನೂ ಕರೀದ್ರಿ."

ಅಜ್ಜಾರ ಮುಖ ಅರಳಿತು. ಆ ಅರಳಿದ ಮುಖವನ್ನು ಈರಬಸಯ್ಯ ಹೊಸ್ತಿಲಲ್ಲಿ ನಿಂತು ನೋಡಿದ. ಅವನ ಕೈ ತಾನಾಗಿ ಜೋಳಿಗೆಯ ಬಾಯಿಯನ್ನು ಬಿಗಿಯಾಗಿ ಹಿಡಿಯಿತು. ಎಲ್ಲವನ್ನೂ ಮೊಬೈಲೇ ಮಾಡಿದರೆ, ಹೊಸ್ತಿಲ ಬಳಿ ಹಾಸಿದ ತನ್ನ ಚಾಪೆಗೆ ಅಲ್ಲಿ ಏನು ಕೆಲಸ?

"ಇಬ್ಬರೂ ಕೂಡಿ ಮಾಡ್ರಿ" ಎಂದರು ಅಜ್ಜಾರು.

ಇಬ್ಬರೂ ಪಡಸಾಲೆಯಲ್ಲಿ ಕೂತರು.

ಟೀವಿಯದು ಸುಲಭವಾಯಿತು. ಸಾಫ್ಟ್‌ವೇರಿನೊಳಗೇ ಕಂಪನಿಗಳ ದೊಡ್ಡ ಪಟ್ಟಿ ಇತ್ತು. ಹೆಸರು ಆರಿಸಿದರೆ ಆಯಿತು, ಗುಂಡಿಗಳು ತಾವೇ ಬಂದು ಕೂತವು. ಸೆಟ್‌ಟಾಪ್ ಬಾಕ್ಸಿನ ಹೆಸರೂ ಸಿಕ್ಕಿತು, ಹಾಡಿನ ಪೆಟ್ಟಿಗೆಯದೂ ಸಿಕ್ಕಿತು. ಫ್ಯಾನು, ದೀಪದ ಕಂಪನಿಗಳು ಮಾತ್ರ ಆ ಪಟ್ಟಿಯಲ್ಲಿರಲಿಲ್ಲ.

"ಇವಕ್ಕ ಕಲಿಸಬೇಕಾಗತೈತ್ರಿ ಅಯ್ನಾರ" ಎಂದ ಕುಬೇರಪ್ಪ. ವಯಸ್ಸಿನಲ್ಲಿ ದೊಡ್ಡವನಾದರೂ ಅವನು ಈರಬಸಯ್ಯನನ್ನು ಗೌರವದಿಂದ ಅಯ್ನಾರ ಎಂದೇ ಕರೆಯುತ್ತಿದ್ದ. ಅದೂ ಈರಬಸಯ್ಯನಿಗೆ ಸೇರುತ್ತಿರಲಿಲ್ಲ.

"ಹ್ಯಾಂಗ ಕಲಿಸೋದು?"

"ಇದರಾಗ 'ಕಲಿ' ಅಂತ ಒತ್ತೂದು. ಆಮ್ಯಾಲ ಫ್ಯಾನಿನ ರಿಮೋಟನ್ನ ಇದರ ಮುಖಕ್ಕ ಮುಖ ಹಿಡಿದು ಅದರ ಗುಂಡಿ ಒತ್ತೂದು. ನೋಡಿ ಕಲೀತೈತಿ. ಫ್ಯಾನಿನ ರಿಮೋಟು ಕೊಡ್ರಿ."

ಈರಬಸಯ್ಯ ಕೊಟ್ಟ. ಕೊಡುವಾಗ ಒಂದು ಗಳಿಗೆ ಬಿಡಲಿಲ್ಲ. ಕುಬೇರಪ್ಪ ಮೆಲ್ಲಗೆ ಎಳೆದುಕೊಳ್ಳಬೇಕಾಯಿತು.

"ಅಜ್ಜಾರಿಗೆ ಎಷ್ಟರ ಗಾಳಿ ಬೇಕಾಗತೈತ್ರಿ?"

ಹೇಳಬಾರದು ಎಂದುಕೊಂಡ ಈರಬಸಯ್ಯ. ಆದರೆ ತನಗೆ ಗೊತ್ತಿದೆ ಎಂದು ತೋರಿಸದೆ ಇರುವುದು ಅವನಿಂದ ಆಗದ ಮಾತು.

"ಮುಂಜಾನಿ ಒಂದು. ಉಂಡ ಮ್ಯಾಲ ಎರಡು. ಮೂರು ಎಂದೂ ಇಲ್ಲ, ಮೂರಕ್ಕ ಕಣ್ಣಾಗ ನೀರು ಬರತಾವು."

"ಭೇಷ್. ಹಂಗಾದ್ರ ಎರಡ ಗುಂಡಿ ಸಾಕು."

ಕುಬೇರಪ್ಪ ತೆರೆಯ ಕೆಳಮೂಲೆಯಲ್ಲಿ ಎರಡು ದೊಡ್ಡ ಚೌಕ ಮಾಡಿದ. ಒಂದಕ್ಕೆ 'ಮುಂಜಾನೆಯ ಗಾಳಿ' ಎಂದು ಹೆಸರು ಬರೆದ. ಇನ್ನೊಂದಕ್ಕೆ 'ಉಂಡ ಮೇಲಿನ ಗಾಳಿ'. ಅದನ್ನು ಒಮ್ಮೆ ಒತ್ತಿದರೆ ಫ್ಯಾನು ಹತ್ತಿ, ತಾನಾಗಿ ಎರಡಕ್ಕೆ ನಿಲ್ಲುತ್ತಿತ್ತು; ಇನ್ನೊಮ್ಮೆ ಒತ್ತಿದರೆ ಬಂದಾಗುತ್ತಿತ್ತು.

ಈರಬಸಯ್ಯ ಆ ಚೌಕವನ್ನೇ ನೋಡಿದ. ಬೆಲ್ಲದ ಚೂರಿನಷ್ಟಿತ್ತು. ತನ್ನ ಹನ್ನೆರಡು ವರ್ಷ ಅದರೊಳಗೆ ಹಿಡಿಸಿತಲ್ಲ ಎಂದು ಅವನಿಗೆ ಸಂಕಟವಾಯಿತು. ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಡುವವರನ್ನು ನಾವೆಲ್ಲ ನೋಡಿದ್ದೇವೆ. ಗುಂಡಿಯ ಮೇಲೆ ಪಟ್ಟವನು ಇವನೊಬ್ಬನೇ ಇರಬೇಕು.

ಮರುದಿನ ಮುಂಜಾನೆ ಅಜ್ಜಾರು ಮೊಬೈಲನ್ನು ಎಡಗೈಯಲ್ಲಿ ಹಿಡಿದು ಒತ್ತಿದರು. ಗಾಳಿ ಬಂತು.

"ಭೇಷ್ ಕುಬೇರಪ್ಪ" ಎಂದರು.

ಈರಬಸಯ್ಯನ ಹೆಸರು ಬರಲಿಲ್ಲ. ಅವನು ಕಾದ. ಬರಲಿಲ್ಲ.

ಕುಬೇರಪ್ಪ ಹೊಳೆಗೆ ಸ್ನಾನಕ್ಕೆ ಹೋದ. ಅಜ್ಜಾರು ಪೂಜೆಗೆ ಕೂತರು. ಮೊಬೈಲು ಪಡಸಾಲೆಯಲ್ಲಿ ಚಾರ್ಜಿಗಿತ್ತು.

ಸೆಟ್‌ಟಾಪ್ ಬಾಕ್ಸಿನ ರಿಮೋಟಿನಲ್ಲಿ ಒಂದು ಕೆಂಪು ಗುಂಡಿ ಇತ್ತು. ಅದನ್ನು ಒತ್ತಿದರೆ ಏನೂ ಆಗುತ್ತಿರಲಿಲ್ಲ. ಯಾಕೆ ಇಟ್ಟಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಈರಬಸಯ್ಯ 'ಕಲಿ' ಒತ್ತಿದ. ಮುಖಕ್ಕೆ ಮುಖ ಹಿಡಿದ. ಗಾಳಿಯ ಎರಡೂ ಚೌಕಗಳಿಗೆ ಆ ಕೆಂಪು ಗುಂಡಿಯನ್ನು ಕಲಿಸಿದ.

ಕಲಿತೆ ಎಂದು ಮೊಬೈಲು ತೋರಿಸಿತು. ಸರಿಯೋ ತಪ್ಪೋ ಎಂದು ಅದು ಕೇಳಲಿಲ್ಲ.

ಈಗ ಗಾಳಿ ಬೇಕಾದರೆ ಅಜ್ಜಾರು ತನ್ನನ್ನು ಕರೆಯಲೇಬೇಕು. ಮಂಚದ ಎಡಕ್ಕೆ ಕಂಚಿನ ಗಂಟೆ ಇತ್ತು. ಈರಬಸಯ್ಯ ಅವತ್ತು ಬೇಗ ಉಂಡು, ಬಾಗಿಲಾಚೆ ಜೋಳಿಗೆ ತೊಡೆಯ ಮೇಲಿಟ್ಟುಕೊಂಡು ಕೂತ.

ಚೈತ್ರದ ಬಿಸಿಲು. ಹೊಳೆಯಲ್ಲಿ ನೀರಿಗಿಂತ ಕಲ್ಲೇ ಹೆಚ್ಚು ಕಾಣುತ್ತಿದ್ದ ದಿನಗಳು. ಅಜ್ಜಾರ ಊಟವಾಯಿತು. ಬಾಗಿಲು ಮುಚ್ಚಿಕೊಂಡಿತು.

ಒಳಗಿನಿಂದ ಟಿಕ್ ಎಂಬ ಸದ್ದು ಬಂತು. ಮೊಬೈಲಿನ ಗುಂಡಿಯ ಸದ್ದು.

ಇನ್ನು ಗಂಟೆ, ಎಂದುಕೊಂಡ ಈರಬಸಯ್ಯ.

ಗಂಟೆ ಬಾರಿಸಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಟಿಕ್. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಪ್ರತಿ ಸದ್ದಿಗೂ ಅವನು ಬೆಚ್ಚಿದ. ಬೆಚ್ಚಿದರೂ ಏಳಲಿಲ್ಲ. ಒಂದು ಸಲ ಕರೆಯಲಿ, ಒಂದೇ ಸಲ ಹೆಸರು ಹಿಡಿದು ಕರೆಯಲಿ, ಎಂದು ಕಾದ.

ಒಂದು ತಾಸು ಕಳೆಯಿತು. ಈರಬಸಯ್ಯನಿಗೆ ತಡೆಯಲಾಗಲಿಲ್ಲ. ಬಾಗಿಲು ತಳ್ಳಿದ.

ಅಜ್ಜಾರು ಬೆವರಿನಲ್ಲಿ ತೊಯ್ದಿದ್ದರು. ತಲೆದಿಂಬು ಒದ್ದೆಯಾಗಿತ್ತು. ಮೊಬೈಲನ್ನು ಎದೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಇನ್ನೂ ಒತ್ತುತ್ತಿದ್ದರು.

"ಅಜ್ಜಾರ, ಗಂಟಿ ಯಾಕ ಬಾರಿಸಲಿಲ್ರಿ?"

"ಇಬ್ಬರೂ ಕೂಡಿ ಮಾಡಿಕೊಟ್ಟೀರಿ, ಕೆಡೂದಿಲ್ಲ ಅಂದುಕೊಂಡ್ನಿ" ಎಂದರು ಅಜ್ಜಾರು. "ಇದೊಂದು ಬೆರಳು ಉಳಿದಿತ್ತು. ಇದೂ ಹೋತು ಕಾಣತೈತಿ."

ಈರಬಸಯ್ಯ ಜೋಳಿಗೆಯಿಂದ ರಿಮೋಟು ತೆಗೆದು ಫ್ಯಾನು ಹಾಕಿದ. ಓಡಿಹೋಗಿ ಒದ್ದೆ ಅರಿವೆ ತಂದು ಅಜ್ಜಾರ ಮುಖ ಒರೆಸಿದ. ಒದ್ದೆ ತಲೆದಿಂಬನ್ನು ತಿರುಗಿಸಿ ಹಾಕಿದ.

ಅಷ್ಟರಲ್ಲಿ ಸದ್ದು ಕೇಳಿ ಕುಬೇರಪ್ಪ ಬಂದ. ಮೊಬೈಲನ್ನು ಎತ್ತಿಕೊಂಡು ನೋಡಿದ. ಇಪ್ಪತ್ತೈದು ವರ್ಷ ರಿಪೇರಿ ಮಾಡಿದವನಿಗೆ ಒಂದು ನಿಮಿಷ ಸಾಕಾಯಿತು. ತೆರೆಯ ಮೇಲಿನ ಚೌಕವನ್ನು ನೋಡಿದ, ಈರಬಸಯ್ಯನ ಮುಖವನ್ನು ನೋಡಿದ.

"ಬೆರಳಿಂದಲ್ರಿ ತಪ್ಪು" ಎಂದ ಕುಬೇರಪ್ಪ. "ನಂದು. ಕಲಿಸುವಾಗ ಬ್ಯಾರೆ ರಿಮೋಟು ಹಿಡಿದೀನಿ. ಕ್ಷಮಾ ಮಾಡ್ರಿ ಅಜ್ಜಾರ."

ಅಜ್ಜಾರು ಎಡಗೈ ಚಾಚಿ ಕುಬೇರಪ್ಪನ ತಲೆಯ ಮೇಲಿಟ್ಟರು.

"ಆಗತೈತಿ ಬಿಡಪಾ. ಕೈ ತಪ್ಪತಾವು. ನನಗ ಇದೊಂದು ಬೆರಳು ಉಳೀತಲ್ಲ, ಅಷ್ಟ ಸಾಕು."

ಆ ಕೈ ಕುಬೇರಪ್ಪನ ತಲೆಯ ಮೇಲೆ ನಿಂತೇ ಇತ್ತು.

ಈರಬಸಯ್ಯ ಆ ಕೈಯನ್ನು ನೋಡಿದ. ಹನ್ನೆರಡು ವರ್ಷದಲ್ಲಿ ಅದು ತನ್ನ ತಲೆಯ ಮೇಲೆ ಬಂದದ್ದು ದೀಕ್ಷೆಯ ದಿನ ಒಮ್ಮೆ. ಈಗ ಮಾಡದ ತಪ್ಪಿಗೆ ಇವನಿಗೆ ಸಿಗುತ್ತಿದೆ. ತಪ್ಪು ಮಾಡಿದವನು ತಾನು, ಕ್ಷಮೆ ತಿನ್ನುವವನು ಇವನು.

"ಅದು ನನ್ನ ತಪ್ಪು" ಎಂದ ಈರಬಸಯ್ಯ.

ಇಬ್ಬರೂ ತಿರುಗಿ ನೋಡಿದರು.

"ಅವರದಲ್ರಿ ಅದು. ನಂದು. ಅವರು ಹೊಳಿಗೆ ಹೋದಾಗ ನಾನ ಕೆಂಪು ಗುಂಡಿ ಕಲಿಸೀನಿ. ಬೇಕಂತ ಕಲಿಸೀನಿ. ಅವರಿಗೇನ ಗೊತ್ತೈತಿ, ಸುಮ್ಮನ ನಂದು ನಂದು ಅಂತಾರ."

ಆಸ್ತಿಗೆ ಜಗಳಾಡಿದ ಅಣ್ಣತಮ್ಮಂದಿರು ಲೋಕದಲ್ಲಿ ಬೇಕಾದಷ್ಟು ಮಂದಿ. ತಪ್ಪು ತನ್ನದೆಂದು ಹಕ್ಕು ಸಾಧಿಸಿದವನನ್ನು ಆ ಆಶ್ರಮ ಅವತ್ತೇ ನೋಡಿತು.

ಅಜ್ಜಾರು ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ನಗಲಿಲ್ಲ, ಗದರಲೂ ಇಲ್ಲ.

"ಯಾಕ ಮಾಡಿದಿ?"

"ನೀವು ಕರೀಲಿ ಅಂತ್ರಿ."

"ಕರೀಲಿಲ್ಲಲ್ಲ ನಾ."

"ಇಲ್ರಿ."

"ಆ ಒಂದು ತಾಸು ನೀ ಎಲ್ಲಿದ್ದಿ?"

"ಬಾಗಲದಾಗ ಕುಂತಿದ್ನಿ. ಟಿಕ್ ಅನ್ನೂದು ಕೇಳತಿತ್ತು."

ಅಷ್ಟು ಹೇಳುವಾಗ ಈರಬಸಯ್ಯನಿಗೆ ಅಳು ಬಂತು. ನಾಚಿಕೆಯಿಂದಲೂ ಬಂತು, ಸಿಟ್ಟಿನಿಂದಲೂ ಬಂತು. ಕುಬೇರಪ್ಪ ಎದ್ದು ಹೊರಗೆ ಹೋದ. ಹೋಗುವಾಗ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದ.

"ಸರಿ ಮಾಡಿ ಕಲಿಸು ಈಗ" ಎಂದರು ಅಜ್ಜಾರು.

ಈರಬಸಯ್ಯ ಕಣ್ಣೊರೆಸಿಕೊಂಡು ಕಲಿಸಿದ. ಫ್ಯಾನಿನ ರಿಮೋಟನ್ನು ಮೊಬೈಲಿನ ಮುಖಕ್ಕೆ ಮುಖ ಹಿಡಿದ. ಮುಂಜಾನೆಗೆ ಒಂದು. ಉಂಡ ಮೇಲೆ ಎರಡು. ಎರಡೂ ಸರಿಯಾಗಿ ಕೂತವು.

"ಕೊಡು."

ಅಜ್ಜಾರು ಓಡುತ್ತಿದ್ದ ಫ್ಯಾನನ್ನು ತಾವೇ ನಿಲ್ಲಿಸಿದರು. ಮತ್ತೆ ತಾವೇ ಹಾಕಿಕೊಂಡರು. ಗಾಳಿ ಎರಡಕ್ಕೆ ಬಂದು ನಿಂತಿತು.

"ಆ ಜೋಳಿಗಿ ಗೂಟಕ್ಕ ಹಾಕು."

ಈರಬಸಯ್ಯ ಗೂಟಕ್ಕೆ ಹಾಕಿದ. ಹೆಗಲು ಹಗುರಾಯಿತು. ಹಗುರಾದದ್ದು ಅವನಿಗೆ ಹಿತವಾಗಲಿಲ್ಲ.

"ಇನ್ನ ನಾ ಯಾಕ್ರಿ ಇಲ್ಲಿ?" ಎಂದು ಕೇಳಿದ. "ಗಾಳಿ ಅದ ಹಾಕತೈತಿ. ದೀಪ ಅದ ಹಚ್ಚತೈತಿ. ಮಾತಾಡಾಕ ಕುಬೇರಪ್ಪ ಅದಾರ. ನಾ ಊರಿಗೆ ಹೋಗಲೇನ್ರಿ?"

"ನೀ ಇಲ್ಲಿಗೆ ಬರುವಾಗ ಯಾತಕ್ಕ ಬಂದಿದ್ದಿ?"

"ಕಲೀಬೇಕಂತ ಬಂದಿದ್ನ್ರಿ."

"ಏನ ಕಲಿತಿ?"

ಈರಬಸಯ್ಯ ಬಾಯಿ ತೆರೆದ. ಮುಂಜಾನೆ ಒಂದು ಎಂಬುದು ನೆನಪಾಯಿತು. ಉಂಡ ಮೇಲೆ ಎರಡು ಎಂಬುದು ನೆನಪಾಯಿತು. ಬೆರಳು ಮುದುಡಿದರೆ ಚಳಿ ಎಂಬುದೂ ನೆನಪಾಯಿತು. ಬೇರೆ ಹುಡುಕಿದ. ಸಿಗಲಿಲ್ಲ.

ಸಿಗದ್ದಕ್ಕೆ ಮತ್ತೆ ಹೊಟ್ಟೆ ಉರಿಯಿತು. ಈ ಸಲ ಅವನು ಅದನ್ನು ಮುಚ್ಚಿಡಲಿಲ್ಲ.

"ಕುಬೇರಪ್ಪಗ ಮೂರು ತಿಂಗಳದಾಗ ಹೇಳೀರಿ. ದಿನಾ ಕುಂತು ಹೇಳೀರಿ. ನನಗ ಹನ್ನೆರಡು ವರ್ಷ ಆತು, ಒಂದು ಮಾತು ಹೇಳಲಿಲ್ರಿ ನೀವು."

ಅಜ್ಜಾರು ಮಂಚದ ಕಾಲಬುಡ ತೋರಿಸಿದರು.

"ಕುಂಡ್ರು."

ಈರಬಸಯ್ಯ ಕೂತ. ಅಲ್ಲಿಂದ ಅಜ್ಜಾರ ಮುಖ ನೇರವಾಗಿ ಕಾಣುತ್ತಿತ್ತು.

"ಹೇಳಿದ್ನೆಪಾ" ಎಂದರು ಅಜ್ಜಾರು. "ದಿನಾ ಹೇಳಿದ್ನಿ. ಆವಾಗೆಲ್ಲಾ ನೀ ಗಾಳಿ ಸಣ್ಣ ಮಾಡಾಕ ಎದ್ದಿದ್ದಿ."