ತುಂಬಿದ ತೊಟ್ಟಿಯ ಮೂರು ಒಗಟು

“ಕೇಳ್ರಪ್ಪೋ ಕೇಳ್ರಿ! ಅರಮನೆಯ ತಂಪುಕೋಣೆಯ ಮಾಳಿಗೆ ಸೋರಿ ಒಂದು ಮೂಲೆ ಕುಸಿದಿದೆ. ಅದಕ್ಕೆ ಮಣ್ಣು ಮೆತ್ತಿದ ಹಿರೇಲಿಂಗನಿಗೆ ಹುಣ್ಣಿಮೆಯಂದು ನೇಣು! ರಾಜಕುಮಾರಿಯ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದು ಕೊಡಲಾಗುವುದು. ಅವಳು ಒಪ್ಪಿದರೆ ಅವಳ ಕೈಯೂ ಉಂಟು. ತಪ್ಪಿದವನಿಗೆ ಹಿರೇಲಿಂಗನ ಪಕ್ಕದಲ್ಲೇ ಹಗ್ಗ!”

ಹೀಗೆ ಡಂಗುರ ಸಾರಿಸಿದವನು ಸುಡುಗಲ್ಲಿನ ರಾಜ ಬೊಮ್ಮರಸ. ಸುಡುಗಲ್ಲಿನ ಬಿಸಿಲು ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು ಬಿಡಿ. ಆ ಬಿಸಿಲಿಗೆಂದೇ ಅರಮನೆಯ ಮಾಳಿಗೆಯ ಮೇಲೆ ದೊಡ್ಡ ತಾಮ್ರದ ತೊಟ್ಟಿಯಿಟ್ಟಿದ್ದರು. ಅದರ ನೀರು ಲಾವಂಚದ ಚಾಪೆಗಳ ಮೇಲೆ ತೊಟ್ಟಿಕ್ಕಬೇಕು, ಗಾಳಿ ಆ ಒದ್ದೆ ಚಾಪೆ ತೂರಿ ಕೆಳಗಿನ ಕೋಣೆಗೆ ತಂಪಾಗಿ ಇಳಿಯಬೇಕು. ಒಳ್ಳೆಯ ಏರ್ಪಾಡೇ! ಆದರೆ ಒಂದು ಕಟ್ಟಳೆಯಿತ್ತು. ತುಂಬಿದ ತೊಟ್ಟಿ ಬರಿದು ಮಾಡಿದರೆ ಮನೆಯ ಸಿರಿ ಹೋಗುತ್ತದಂತೆ. ಹಾಗಾಗಿ ಬೇಸಿಗೆ ಮುಗಿದರೂ ದಿನಾ ಬೆಳಿಗ್ಗೆ ಅದನ್ನು ತುಂಬಿಸಿ ಆರತಿ ಎತ್ತುತ್ತಿದ್ದರು. ಈಗ ಮಾಗಿಯ ಚಳಿ, ಒಂದು ಹನಿ ಮಳೆಯಿಲ್ಲ, ಆದರೂ ಕೋಣೆಯಲ್ಲಿಟ್ಟ ಚರಿಗೆಗೆ ಟಪ್ ಟಪ್ ಅಂತ ನೀರು ಬೀಳುತ್ತಿತ್ತು.

ಮೊದಲು ಬಂದವನು ದಳವಾಯಿಯ ಮಗ. ರಾಜಕುಮಾರಿ ಪದುಮಾಂಬೆ ಕೇಳಿದಳು: “ಹಗಲಿಡೀ ಕುಡಿದರೂ ಅವನ ಹೊಟ್ಟೆ ತುಂಬುವುದಿಲ್ಲ. ಅವನ ಉಸಿರು ನಮಗೆ ಹಿತ. ಬಿಳಿ ಗಡ್ಡ ಬಂತೆಂದರೆ ಮಾತ್ರ ಕುಡಿದದ್ದನ್ನೆಲ್ಲ ಉಗುಳುತ್ತಾನೆ. ಯಾರವನು?”

“ನಮ್ಮ ತಾತ!” ಅಂದ ಅವನು. ಸಭೆ ಗೊಳ್ಳೆಂದು ನಕ್ಕಿತು. ಅವನು ಸೆರೆಮನೆ ಸೇರಿದ.

ಮರುದಿನ ಬಂದವನು ಆಸ್ಥಾನ ಪಂಡಿತರ ಮೊಮ್ಮಗ. ಅದೇ ಒಗಟಿಗೆ “ಸಮುದ್ರ! ನೊರೆಯೇ ಗಡ್ಡ!” ಅಂದ.

“ಸಮುದ್ರ ನೋಡಿದ್ದೀರಾ?”

“ಇಲ್ಲ, ಓದಿದ್ದೇನೆ.”

ಅವನೂ ಒಳಗೆ ಹೋದ.

ಹುಣ್ಣಿಮೆಗೆ ಇನ್ನು ನಾಲ್ಕೇ ದಿನ. ಆಗ ಬಂದ ನೋಡಿ, ಮೊಣಕಾಲಿನ ತನಕ ಮಣ್ಣು ಮೆತ್ತಿಕೊಂಡ ತಾಯಪ್ಪ, ಹಿರೇಲಿಂಗನ ಒಬ್ಬನೇ ಮಗ. ಯಾರ ಮಗನೆಂದು ಅವನು ಹೇಳಲಿಲ್ಲ. ಅವನಿಗೆ ಬೇಕಾಗಿದ್ದದ್ದು ಅಪ್ಪನ ಜೀವ, ಅಷ್ಟೆ.

ಪದುಮಾಂಬೆ ಮೊದಲ ಒಗಟು ಹೇಳಿ ಎರಡನೆಯದಕ್ಕೆ ಬಂದಳು. “ಬರಲು ಹೆಬ್ಬಾಗಿಲು, ಹೋಗಲು ಪುಟ್ಟ ಕಿಂಡಿ. ಕಿಂಡಿ ತೆರೆದಿದ್ದರೆ ಸದ್ದಿಲ್ಲದೆ ಹೋಗುವ ಸಭ್ಯ ನೆಂಟ. ಮುಚ್ಚಿದರೆ ಸೂರು ಹರಿದು ಹಾಸಿಗೆಗೇ ಇಳಿಯುತ್ತಾನೆ. ಇನ್ನು ಮೂರನೆಯದು. ಹೊಟ್ಟೆ ತುಂಬಿದೆಯೆಂದು ಎಲ್ಲರೂ ಅವಳಿಗೆ ಕೈಮುಗಿಯುತ್ತಾರೆ. ಬೇಸಿಗೆಯಲ್ಲಿ ತಾಯಿ, ಮಾಗಿಯಲ್ಲಿ ಮನೆಮುರುಕಿ. ಅವಳನ್ನು ಮತ್ತೆ ತಾಯಿ ಮಾಡುವುದು ಹೇಗೆ?”

ತಾಯಪ್ಪ ತಲೆ ಕೆರೆದುಕೊಂಡ. “ಮಹಾಪ್ರಭು, ನಾ ಒಮ್ಮೆ ಮಾಳಿಗಿ ಹತ್ತಿ ಬರ್ತೀನ್ರಿ.”

“ಒಗಟಿಗೂ ಮಾಳಿಗೆಗೂ ಏನಯ್ಯಾ ಸಂಬಂಧ?”

“ಗೊತ್ತಿಲ್ರಿ. ನಮಗ ಮ್ಯಾಲೆ ಹತ್ತಿದ್ರನ ತಲಿ ಓಡೋದು.”

ಪದುಮಾಂಬೆ ಮೊದಲ ಸಲ ನಕ್ಕಳು. ಎಲ್ಲರೂ ಅವನ ಹಿಂದೆ ಹತ್ತಿದರು.

ತಾಯಪ್ಪ ಲಾವಂಚದ ಚಾಪೆ ಮುಟ್ಟಿದ. ಬೆಳ್ಳಗೆ ಉಪ್ಪು ಕಟ್ಟಿ ಕಲ್ಲಾಗಿತ್ತು. “ಬಿಳಿ ಗಡ್ಡದವ ಇವನ ನೋಡ್ರಿ! ಬಾವಿ ನೀರು ಸವಳು. ಉಪ್ಪು ಕಟ್ಟಿದ ಚಾಪಿ ನೀರು ಹೀರಂಗಿಲ್ಲ, ಸಿಡಿಸಿ ಮಾಳಿಗಿ ಮ್ಯಾಲೆ ಚೆಲ್ತದ. ವರ್ಷಕ್ಕೊಮ್ಮೆ ಬದಲಿಸಬೇಕ್ರಿ.”

ಆಮೇಲೆ ತೊಟ್ಟಿಯ ಅಂಚಿನ ತೂಬಿನೊಳಗೆ ಕೈ ಹಾಕಿ ಒಂದು ಹಳೇ ಗುಬ್ಬಿಗೂಡು ಎಳೆದ. “ಹೆಚ್ಚಾದ ನೀರು ಈ ಕಿಂಡ್ಯಾಗ ಹಾದು ಅಂಗಳಕ್ಕ ಬೀಳಬೇಕಿತ್ತು. ದಾರಿ ಕಟ್ಟಿದ್ರ ಪಾಪ, ನೆಂಟ ಎತ್ಲಾಗ ಹೋಗ್ಬೇಕ್ರಿ?”

ಮೂರನೆಯದಕ್ಕೆ ಅವನು ತೊಟ್ಟಿಯತ್ತಲೇ ತಿರುಗಿದ. ಉತ್ತರ ಗೊತ್ತಿತ್ತು, ಕಟ್ಟಳೆಯೂ ಗೊತ್ತಿತ್ತು. ಕಣ್ಣುಮುಚ್ಚಿ ತೊಟ್ಟಿಯ ತಳದ ಬಿರಡೆ ಕಿತ್ತೇಬಿಟ್ಟ. ನೀರು ಭರ್ರೆಂದು ಮಾಳಿಗೆಯಂಚಿನ ನೀರುದೋಣಿಯಲ್ಲಿ ಹರಿದು ಅಂಗಳಕ್ಕೆ ಧುಮುಕಿತು.

“ಮನೆಹಾಳ! ತುಂಬಿದ ತೊಟ್ಟಿ ಚೆಲ್ಲಿದೆಯಾ?” ರಾಜನ ಕೈ ಕತ್ತಿಗೆ ಹೋಯಿತು.

“ಮನಿ ಹಾಳಾಗಬಾರ್ದು ಅಂತನ ಚೆಲ್ಲೀನ್ರಿ. ಮಾಗ್ಯಾಗ ತಂಪು ಯಾರಿಗೆ ಬೇಕಾಗ್ಯದ? ನಮ್ಮಪ್ಪನ ಮಣ್ಣಿಗೆ ಮಳಿ ತಡಿಯೋ ತಾಕತ್ತದ. ವರ್ಷಪೂರ್ತಿ ನೆನಿಯೋ ತಾಕತ್ತು ಯಾವ ಮಣ್ಣಿಗೂ ಇಲ್ರಿ.”

“ಯಾರು ನಿಮ್ಮಪ್ಪ?”

“ಹಿರೇಲಿಂಗ.”

ರಾಜ ಮಗಳತ್ತ ತಿರುಗಿದ. “ನಿನಗಿದು ಮೊದಲೇ ಗೊತ್ತಿತ್ತೇ?”

“ಹೋದ ವರ್ಷವೇ ಹೇಳಿದ್ದೆ, ಅಪ್ಪಾಜಿ. ಬಾಯಿ ಮುಚ್ಚು ಅಂದಿರಿ. ಅದಕ್ಕೇ ಒಗಟು ಕಟ್ಟಿದೆ. ಹಗ್ಗ ಸೇರಿಸಿದವರು ಮಾತ್ರ ನೀವು.”

ರಾಜನಿಗೆ ಮುಖಕ್ಕೆ ಹೊಡೆದಂತಾಯಿತು, ಆದರೂ ಬಿಗುಮಾನ ಬಿಡಬೇಕಲ್ಲ! “ಹುಣ್ಣಿಮೆ ಬೆಳಿಗ್ಗೆ ಚರಿಗೆ ಒಣಗಿದ್ದರೆ ನಿನ್ನ ಮಾತು ನಿಜ. ಒದ್ದೆಯಿದ್ದರೆ ಅಪ್ಪ ಮಗ ಇಬ್ಬರಿಗೂ ಹಗ್ಗ,” ಅಂದ.

ಅಲ್ಲಿಯತನಕ ತಾಯಪ್ಪನನ್ನೂ ಸೆರೆಗೆ ಹಾಕಿದರು. ಅಲ್ಲಿ ಹಿರೇಲಿಂಗ ಮಗನನ್ನು ಕಂಡು ಗೋಳಾಡಿದ. “ಏ ಹುಚ್ಚಪ್ಪಾ, ನಿಮ್ಮವ್ವಗ ನೀನರ ಉಳೀತಿದ್ದಿ!”

“ಯಪ್ಪಾ, ತೂಬು ಕಟ್ಟಿದ್ದು ನೀ ನೋಡಿರಲಿಲ್ಲೇನು?”

“ನೋಡಿದ್ದೆ. ತೊಟ್ಟಿ ಮುಟ್ಟಬ್ಯಾಡ ಅಂದ್ರು, ಸುಮ್ಮನಾದೆ,” ಅಂದ ಮುದುಕ, ತಲೆ ತಗ್ಗಿಸಿ.

ಮೊದಲ ದಿನ ಅರ್ಧ ಚರಿಗೆ ನೀರು ಬಿತ್ತು. ಮರುದಿನ ಬೊಗಸೆಯಷ್ಟು. ಮೂರನೆಯ ದಿನ ನಾಲ್ಕು ಹನಿ. ಹುಣ್ಣಿಮೆ ಬೆಳಿಗ್ಗೆ ರಾಜ ಒಬ್ಬನೇ ಕೋಣೆಗೆ ಹೋಗಿ ಬಹಳ ಹೊತ್ತು ಕಿವಿಗೊಟ್ಟು ನಿಂತ. ಸದ್ದಿಲ್ಲ. ಚರಿಗೆಯ ತಳ ಸವರಿದ, ಬೆರಳಿಗೆ ಧೂಳು ಹತ್ತಿತು.

ಅವನೇ ಹೋಗಿ ಸೆರೆಮನೆಯ ಬಾಗಿಲು ತೆಗೆದ. “ಹಿರೇಲಿಂಗಪ್ಪಾ, ತಪ್ಪು ನಿನ್ನ ಮಣ್ಣಿನದಲ್ಲ, ನನ್ನದು,” ಅಂದ. ಮುದುಕ ಅಳುತ್ತಲೇ ನಕ್ಕ. ಒಗಟಿಗೆ ಸೋತ ಇಬ್ಬರಿಗೂ ಬಿಡುಗಡೆಯಾಯಿತು, ಆದರೆ ಹೊಸ ಮಾಳಿಗೆಗೆ ಮಣ್ಣಿನ ಬುಟ್ಟಿ ಹೊತ್ತ ಮೇಲೆ.

“ಈಗ ನಿನಗೇನು ಬೇಕೋ ಕೇಳು,” ಅಂದ ರಾಜ.

“ಚಳಿಗಾಲಕ್ಕ ತೊಟ್ಟಿ ಬರಿದು ಮಾಡೋ ಹಕ್ಕು ನಮ್ಮಪ್ಪಗ ಕೊಡ್ರಿ.”

“ನನ್ನನ್ನು ಕೇಳುವುದಿಲ್ಲವೇ?” ಅಂದಳು ಪದುಮಾಂಬೆ.

ತಾಯಪ್ಪ ಕಿವಿಯತನಕ ಕೆಂಪಾದ. “ಕೇಳ್ತೀನ್ರಿ. ಮೊದಲು ಕೈ ತೊಳ್ಕೊಂಡು ಬರ್ತೀನಿ.”

ಕೈ ತೊಳೆದು ಬಂದ, ಕೇಳಿದ, ಅವಳು ಒಪ್ಪಿದಳು. ಅಂದಿನಿಂದ ಸುಡುಗಲ್ಲಿನಲ್ಲಿ ದೀಪಾವಳಿ ಕಳೆದ ಮೇಲೆ ಹಿರೇಲಿಂಗ ಬಿರಡೆ ಕೀಳುತ್ತಾನೆ, ತೊಟ್ಟಿಯನ್ನು ತೊಳೆದು ಒಣಗಿಸುತ್ತಾನೆ. ಆರತಿ ಈಗಲೂ ಉಂಟು, ಬರಿದಾದ ತೊಟ್ಟಿಗೆ. ಆರತಿ ಎತ್ತುವ ಮೊದಲು ರಾಜ ಬೊಮ್ಮರಸ ಅಂಗಿಯ ತೋಳು ಮಡಚಿ, ತೂಬಿನೊಳಗೆ ಗುಬ್ಬಿಗೂಡು ಇದೆಯೇ ಎಂದು ತಾನೇ ಕೈ ಹಾಕಿ ನೋಡುತ್ತಾನೆ.